ಮಕ್ಕಳ ಕೈಗೆ ನಿಜವಾದ ಕೆಲಸ ಕೊಡಿ

ಮನೆಯಲ್ಲೇ ಮಕ್ಕಳಿಗೆ ಕಲಿಸುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು: ನಾವಿರುವುದು ಮೈಸೂರಿನಲ್ಲಿ, ಮಗಳಿಗೆ ಹನ್ನೆರಡು, ಮಗನಿಗೆ ಎಂಟು, ಇಬ್ಬರೂ ಶಾಲೆಗೆ ಹೋಗುವುದಿಲ್ಲ. ಹೆಸರು ಹಾಕಬೇಡಿ ಎಂದು ಹಲವರು ಕೇಳಿದ್ದರಿಂದ ಪ್ರತಿ ಪತ್ರದ ಕೊನೆಗೆ ಊರು ಮಾತ್ರ ಹಾಕಿದ್ದೇನೆ, ಅದರ ಕೆಳಗೆ ನನ್ನ ಉತ್ತರ.

ಜೂನ್‌ನಲ್ಲಿ ಮಗನನ್ನು ನಾಲ್ಕನೇ ಕ್ಲಾಸಿನಿಂದ ಬಿಡಿಸಿದೆವು. ಬೆಳಗ್ಗೆ 9ರಿಂದ 1ರವರೆಗೆ ಪೀರಿಯಡ್ ಹಾಕಿಕೊಂಡು ಕೂರಿಸುತ್ತೇನೆ. ದಿನಾ ಜಗಳ, ದಿನಾ ಅಳು. ನಿಮ್ಮ ಮನೆಯಲ್ಲಿ ಟೈಮ್‌ಟೇಬಲ್ ಹೇಗಿದೆ? (ದಾವಣಗೆರೆ)

ಪೀರಿಯಡ್‌ಗಳನ್ನು ಇವತ್ತೇ ಬಿಟ್ಟುಬಿಡಿ. ಶಾಲೆಯಲ್ಲಿ ಅವು ಬೇಕು, ಯಾಕೆಂದರೆ ಅಲ್ಲಿ ಒಬ್ಬ ಟೀಚರ್ ನಲವತ್ತು ಮಕ್ಕಳನ್ನು ನೋಡಿಕೊಳ್ಳಬೇಕು, ಗಂಟೆ ಹೊಡೆದ ಕೂಡಲೇ ಇನ್ನೊಂದು ಕ್ಲಾಸಿಗೆ ಓಡಬೇಕು. ನಿಮ್ಮ ಮನೆಯಲ್ಲಿ ಇರುವುದು ಒಂದು ಮಗು, ಪಕ್ಕದಲ್ಲಿ ನೀವು. ಆ ಮಗು ಮುಕ್ಕಾಲು ಗಂಟೆ ಮನಸ್ಸಿಟ್ಟು ಲೆಕ್ಕ ಮಾಡಿದರೆ ಆ ದಿನದ ಗಣಿತ ಮುಗಿಯಿತು. ನಾಲ್ಕು ಗಂಟೆ ಕೂರಿಸಿದರೆ ಮೂರು ಗಂಟೆ ಜಗಳದಲ್ಲೇ ಹೋಗುತ್ತದೆ.

ನಮ್ಮಲ್ಲಿ ಗಡಿಯಾರ ನೋಡಿ ಮಾಡುವುದು ಕಡಿಮೆ. ಆದರೆ ಯಾವುದಾದ ಮೇಲೆ ಯಾವುದು ಅನ್ನುವುದು ಗಟ್ಟಿಯಾಗಿದೆ. ಎದ್ದ ಮೇಲೆ ಮನೆ ಕೆಲಸ. ಮಗ ಗಿಡಗಳಿಗೆ ನೀರು ಹಾಕಿ ಹಾಲು ತರುತ್ತಾನೆ, ಮಗಳು ತಿಂಡಿಗೆ ಕೈ ಹಾಕುತ್ತಾಳೆ, ಅವರಪ್ಪ ಪಾತ್ರೆ ತೊಳೆಯುತ್ತಾರೆ. ತಿಂಡಿ ಆದ ಮೇಲೆ ಕೂತು ಮಾಡುವ ಕೆಲಸ, ಅಂದರೆ ಲೆಕ್ಕ, ಕನ್ನಡ, ಇಂಗ್ಲಿಷ್, ಇಷ್ಟೇ. ಹನ್ನೊಂದು, ಹನ್ನೊಂದೂವರೆ ಹೊತ್ತಿಗೆ ಪುಸ್ತಕ ಮುಚ್ಚುತ್ತೇವೆ. ಅಲ್ಲಿಂದ ಊಟದವರೆಗೆ ಅವರವರ ಸ್ವಂತ ಕೆಲಸ. ಮಗಳು ಈಗ ಹೊಲಿಗೆ ಮಿಷನ್ ಹಿಡಿದಿದ್ದಾಳೆ, ಹಳೆ ಪ್ಯಾಂಟು ಕತ್ತರಿಸಿ ಬೀದಿಯವರಿಗೆಲ್ಲ ತರಕಾರಿ ಚೀಲ ಹೊಲಿದುಕೊಡುತ್ತಾಳೆ. ಮಗ ಕೆಟ್ಟುಹೋದ ರೇಡಿಯೋ ಒಂದನ್ನು ಬಿಚ್ಚಿಕೊಂಡು ಕೂತಿರುತ್ತಾನೆ. ಊಟದ ನಂತರ ನಾನು ಜೋರಾಗಿ ಕಥೆ ಓದುತ್ತೇನೆ, ಅವರು ಕೇಳುತ್ತಾ ಚಿತ್ರ ಬರೆಯುತ್ತಾರೆ, ನಿದ್ದೆ ಬಂದರೆ ಮಲಗುತ್ತಾರೆ. ಸಂಜೆ ಬೀದಿಯ ಮಕ್ಕಳೆಲ್ಲ ಶಾಲೆಯಿಂದ ಬಂದ ಮೇಲೆ ಆಟ.

ವಾರದಲ್ಲಿ ಒಂದು ದಿನ ಪುಸ್ತಕ ತೆಗೆಯುವುದೇ ಇಲ್ಲ. ದೇವರಾಜ ಮಾರ್ಕೆಟ್‌ಗೋ ಕುಕ್ಕರಹಳ್ಳಿ ಕೆರೆಗೋ ಹೋಗುತ್ತೇವೆ. ಮಾರ್ಕೆಟ್‌ನಲ್ಲಿ ದುಡ್ಡೂ ಚೀಟಿಯೂ ಮಗನ ಕೈಯಲ್ಲಿ. ಕಾಲು ಕೆಜಿ ಹುರುಳಿಕಾಯಿ, ಅರ್ಧ ಕೆಜಿ ಟೊಮ್ಯಾಟೊ, ಎರಡು ಕಟ್ಟು ಸೊಪ್ಪು ತೆಗೆದುಕೊಂಡು ಚಿಲ್ಲರೆ ಸರಿ ಇದೆಯಾ ಅಂತ ಅವನೇ ನೋಡಬೇಕು. ಹಿಂದೆ ಜನ ಕಾಯುತ್ತಿರುತ್ತಾರೆ, ವ್ಯಾಪಾರಿ ಬಾಯಲ್ಲೇ ಲೆಕ್ಕ ಹಾಕಿ ಮುಗಿಸಿರುತ್ತಾರೆ, ಆ ಅವಸರದಲ್ಲಿ ಮನಸ್ಸಿನಲ್ಲೇ ಕಳೆಯುವುದು ಅವನಿಗೆ ಯಾವ ವರ್ಕ್‌ಶೀಟ್‌ನಿಂದಲೂ ಬರುತ್ತಿರಲಿಲ್ಲ.

ನಿಮ್ಮ ಮಗನ ವಿಷಯಕ್ಕೆ ಬರುತ್ತೇನೆ. ಶಾಲೆ ಬಿಟ್ಟು ಮನೆಗೆ ಬಂದ ಮಗುವಿಗೆ ಮೊದಲ ಕೆಲವು ತಿಂಗಳು ಖಾಲಿ ಬೇಕು. ಹೋಮ್‌ಸ್ಕೂಲಿಂಗ್ ಮಾಡುವವರು ಇದನ್ನು ಡಿಸ್ಕೂಲಿಂಗ್ ಅನ್ನುತ್ತಾರೆ. ಆ ಹೊತ್ತಿನಲ್ಲಿ ಅವನು ಸುಮ್ನೆ ಬಿದ್ದುಕೊಂಡಿರಬಹುದು, ಒಂದೇ ಕಾಮಿಕ್ಸ್ ಹತ್ತು ಸಲ ಓದಬಹುದು, ಬೋರ್ ಬೋರ್ ಅಂತ ನಿಮ್ಮ ಹಿಂದೆಯೇ ಸುತ್ತಬಹುದು. ಹೆದರಬೇಡಿ. ಆ ಬೋರ್ ಹೋಗಲಾಡಿಸಲು ಮೊಬೈಲ್ ಮಾತ್ರ ಕೊಡಬೇಡಿ, ಕೊಟ್ಟರೆ ಅವನು ಬೇರೆ ಏನನ್ನೂ ಹುಡುಕಿಕೊಂಡು ಹೋಗುವುದಿಲ್ಲ. ಅಡುಗೆಮನೆಗೆ ಕರೆಯಿರಿ. ತೆಂಗಿನಕಾಯಿ ಸುಲಿಯಲು ಕೊಡಿ. ಅಳು ನಿಂತ ಮೇಲೆ ಲೆಕ್ಕದ ಪುಸ್ತಕ ತೆರೆದರೆ ಸಾಕು.

ಆ್ಯಕ್ಟಿವಿಟಿ ಕಿಟ್‌ಗಳಿಗೆ ಸಾವಿರಾರು ರೂಪಾಯಿ ಸುರಿದಿದ್ದೇವೆ. ಜ್ವಾಲಾಮುಖಿ, ರೋಬಾಟ್, ಬಳೆ ಮಾಡುವುದು, ಎಲ್ಲ ಇದೆ. ಎರಡು ದಿನ ಆಡಿ ಮೂಲೆಗೆ ಎಸೆಯುತ್ತಾಳೆ. ಕೈಯಾರೆ ಮಾಡಿ ಕಲಿಯುವುದು ಅಂದರೆ ಮತ್ತೇನು? (ತುಮಕೂರು)

ಈ ಪ್ರಶ್ನೆಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನನಗೆ ಹೇಳಬೇಕಾದದ್ದೆಲ್ಲ ಇದರಲ್ಲೇ ಇದೆ.

ಕಿಟ್ ಕೆಟ್ಟದ್ದಲ್ಲ. ಆದರೆ ಕಿಟ್‌ನಿಂದ ತಯಾರಾಗುವ ವಸ್ತು ಮನೆಯಲ್ಲಿ ಯಾರಿಗೂ ಬೇಕಾಗಿರುವುದಿಲ್ಲ. ಮಗುವಿಗೆ ಅದು ತಕ್ಷಣ ಗೊತ್ತಾಗುತ್ತದೆ. ಜ್ವಾಲಾಮುಖಿ ನೊರೆ ಉಕ್ಕಿದರೂ ಅಷ್ಟೇ, ಉಕ್ಕದಿದ್ದರೂ ಅಷ್ಟೇ. ಅದೇ ಮಗು ಮಾಡಿದ ಹಿಟ್ಟು ಉಕ್ಕದಿದ್ದರೆ ನಾಳೆ ಬೆಳಗ್ಗೆ ಮನೆಯವರೆಲ್ಲ ಗಟ್ಟಿ ಇಡ್ಲಿ ತಿನ್ನಬೇಕು. ಆಗ ಯಾಕೆ ಉಕ್ಕಲಿಲ್ಲ ಅನ್ನುವ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಆ ಪ್ರಶ್ನೆ ಹುಟ್ಟುವವರೆಗೆ ವಿಜ್ಞಾನ ಶುರುವಾಗುವುದಿಲ್ಲ ಅಂತ ನಾನು ನಂಬಿದ್ದೇನೆ.

ನಮ್ಮ ಮನೆಯಲ್ಲಿ ನಡೆದದ್ದೇ ಹೇಳುತ್ತೇನೆ. ದೋಸೆ, ಇಡ್ಲಿ ಹಿಟ್ಟಿನ ಜವಾಬ್ದಾರಿ ಮಗಳದ್ದು. ನೆನೆಹಾಕುವುದು, ರುಬ್ಬುವುದು, ಉಪ್ಪು ಹಾಕಿ ಮುಚ್ಚಿಡುವುದು ಎಲ್ಲ. ಡಿಸೆಂಬರ್‌ನ ಚಳಿಯಲ್ಲಿ ಒಂದು ದಿನ ಹಿಟ್ಟು ಇಟ್ಟ ಹಾಗೇ ಇತ್ತು. ಚಳಿಗೆ ಅಂತ ಅಜ್ಜಿ ಅಂದರು, ಅಕ್ಕಿ ಸರಿ ಇಲ್ಲ ಅಂತ ಅವರಪ್ಪ ಅಂದರು, ಬೇಳೆ ಹಳೆಯದು ಅಂತ ನನಗೆ ಅನ್ನಿಸಿತು. ಯಾರು ಸರಿ ಅಂತ ನೋಡೋಣ ಅಂದಳು. ನಾನು ಹೇಳಿಕೊಟ್ಟದ್ದು ಒಂದೇ ಒಂದು: ಒಂದು ಬಾಟಲಿಯಲ್ಲಿ ಒಂದನ್ನು ಮಾತ್ರ ಬದಲಾಯಿಸು, ಉಳಿದದ್ದೆಲ್ಲ ಒಂದೇ ತರ ಇರಲಿ.

ನಾಲ್ಕು ಗಾಜಿನ ಬಾಟಲಿ ತೆಗೆದುಕೊಂಡಳು. ಮೂರಕ್ಕೆ ಒಂದೇ ಹಿಟ್ಟು, ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದು. ಒಂದನ್ನು ಕಟ್ಟೆಯ ಮೇಲೆ, ಒಂದನ್ನು ಫ್ರಿಜ್‌ನಲ್ಲಿ, ಒಂದನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಟವೆಲ್ ಸುತ್ತಿ. ನಾಲ್ಕನೆಯದಕ್ಕೆ ಬರೀ ಅಕ್ಕಿ ಹಿಟ್ಟು, ಅದೂ ಕಟ್ಟೆಯ ಮೇಲೆಯೇ. ಹಿಟ್ಟು ಎಲ್ಲಿಯವರೆಗೆ ಇದೆಯೋ ಅಲ್ಲಿಗೆ ಬಾಟಲಿಯ ಸುತ್ತ ರಬ್ಬರ್ ಬ್ಯಾಂಡ್. ಬೆಳಗ್ಗೆ ನೋಡಿದರೆ ಫ್ರಿಜ್‌ನದ್ದು ರಬ್ಬರ್ ಬ್ಯಾಂಡ್ ಬಿಟ್ಟು ಅಲ್ಲಾಡಿರಲಿಲ್ಲ, ಟವೆಲ್ ಸುತ್ತಿದ್ದು ಉಕ್ಕಿ ಪಾತ್ರೆಗೆ ಚೆಲ್ಲಿತ್ತು, ಕಟ್ಟೆಯದ್ದು ಮಧ್ಯದಲ್ಲಿ. ಎಲ್ಲರಿಗೂ ಆಶ್ಚರ್ಯ ಆದದ್ದು ನಾಲ್ಕನೆಯದ್ದು. ಮೂಗಿಗೆ ಹಿಡಿದರೆ ಚೆನ್ನಾಗಿ ಹುಳಿ ವಾಸನೆ, ಆದರೆ ಒಂದಿಷ್ಟೂ ಮೇಲೆದ್ದಿಲ್ಲ. ಹಿಟ್ಟು ತಳಕ್ಕೆ ಕೂತಿದೆ, ಮೇಲೆ ತಿಳಿನೀರು.

ಹುಳಿ ಬಂದಿದೆ ಅಂದಮೇಲೆ ಒಳಗೆ ಏನೋ ಕೆಲಸ ನಡೆದಿದೆ, ಹಾಗಾದರೆ ಉಬ್ಬಲಿಲ್ಲ ಯಾಕೆ? ಇದನ್ನು ಹಿಡಿದುಕೊಂಡು ಅವಳು ಓದಲು ಹೋದಳು. ಹಿಟ್ಟನ್ನು ಹುಳಿ ಮಾಡುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ, ಅದರಲ್ಲಿ ಮುಖ್ಯವಾದದ್ದು ಲ್ಯುಕೊನಾಸ್ಟಾಕ್ ಅನ್ನುವ ಜಾತಿ. ಅದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದು ಉದ್ದಿನ ಲೋಳೆ ಮತ್ತು ಪ್ರೋಟೀನ್. ಉದ್ದು ಇಲ್ಲದಿದ್ದರೆ ಗುಳ್ಳೆ ಬಂದ ಹಾಗೇ ಒಡೆದು ಹೋಗುತ್ತದೆ. ರುಬ್ಬುವಾಗ ಉದ್ದು ನುಣ್ಣಗೆ ಹೂವಿನ ಹಾಗೆ ಬರಬೇಕು ಅಂತ ಅಜ್ಜಿ ಯಾಕೆ ಅನ್ನುತ್ತಿದ್ದರು ಅಂತ ಆಗ ಗೊತ್ತಾಯಿತು. ಮುಂದಿನ ಸಲ ಗಂಟೆಗೊಮ್ಮೆ ಸ್ಕೇಲ್ ಹಿಡಿದು ಎತ್ತರ ಅಳೆದು ಗ್ರಾಫ್ ಮಾಡಿದಳು. ಈಗ ಉಪ್ಪು ಮೊದಲೇ ಹಾಕಿದರೆ ಏನಾಗುತ್ತದೆ, ಬೆಳಗ್ಗೆ ಹಾಕಿದರೆ ಏನಾಗುತ್ತದೆ ಅನ್ನುವುದು ನಡೆಯುತ್ತಿದೆ.

ಖರ್ಚು ಏನೂ ಇಲ್ಲ. ಅಳತೆ, ಗ್ರಾಫ್, ಜೀವಶಾಸ್ತ್ರ ಎಲ್ಲ ಬಂತು. ಆದರೆ ನಾನು ಹೇಳಬೇಕೆಂದಿರುವುದು ಅದಲ್ಲ, ಹಿಟ್ಟು ಅವಳದ್ದಾಗಿತ್ತು ಅನ್ನುವುದು. ಅಮ್ಮನಿಗೆ ಸಹಾಯ ಮಾಡು ಅಂತ ಕರೆದು, ಒಂದು ಚಮಚ ಕೊಟ್ಟು, ನಾವೇ ಮುಗಿಸಿಬಿಟ್ಟರೆ ಇದ್ಯಾವುದೂ ಆಗುವುದಿಲ್ಲ.

ಚಿಕ್ಕ ಮಕ್ಕಳಿಗೂ ಹೀಗೇ. ದಿನದ ಅಕ್ಕಿ ಅಳೆದು ಹಾಕುವುದು ನಮ್ಮ ಮಗನ ಕೆಲಸ. ಹಳೆಯ ಸೇರು, ಅಚ್ಚೇರು, ಪಾವು, ಚಟಾಕು ನಾಲ್ಕೂ ನಮ್ಮ ಮನೆಯಲ್ಲಿವೆ. ನಾಲ್ಕು ಚಟಾಕಿಗೆ ಒಂದು ಪಾವು, ಎರಡು ಪಾವಿಗೆ ಅಚ್ಚೇರು, ನಾಲ್ಕು ಪಾವಿಗೆ ಸೇರು. ನೆಂಟರು ಬಂದ ದಿನ ಪಾವಿನ ಮೇಲೆ ಎರಡು ಚಟಾಕು ಜಾಸ್ತಿ. ಪುಸ್ತಕದಲ್ಲಿ ಭಿನ್ನರಾಶಿ ಬಂದಾಗ ಕಾಲೂ ಕಾಲೂ ಸೇರಿ ಅರ್ಧ ಅನ್ನುವುದನ್ನು ಅವನಿಗೆ ಯಾರೂ ಹೇಳಬೇಕಾಗಲಿಲ್ಲ. ಮನೆಯಲ್ಲಿ ಹಳೆಯ ಅಳತೆ ಪಾತ್ರೆ ಇದ್ದರೆ ಅಟ್ಟದಿಂದ ಇಳಿಸಿ.

ಇನ್ನೊಂದು, ಕರೆಂಟ್ ಮೀಟರ್. ಡಿಜಿಟಲ್ ಮೀಟರ್‌ನಲ್ಲಿ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ ನೋಡಿ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿನುಗುತ್ತದೆ ಅಂತ ಮೀಟರ್ ಮೇಲೆಯೇ ಬರೆದಿರುತ್ತದೆ, ಕೆಲವದರಲ್ಲಿ 3200, ಕೆಲವದರಲ್ಲಿ 1600, ಹೀಗೆ. ಮನೆಯಲ್ಲಿ ಎಲ್ಲ ಆಫ್ ಮಾಡಿ ಒಂದೇ ಒಂದು ಫ್ಯಾನ್ ಹಾಕಿ. 3200ರ ಮೀಟರ್ ಆದರೆ 75 ವಾಟ್‌ನ ಹಳೆ ಫ್ಯಾನಿಗೆ ನಿಮಿಷಕ್ಕೆ ನಾಲ್ಕು ಸಲ ಮಿನುಗುತ್ತದೆ. ಫ್ಯಾನ್ ಆಫ್ ಮಾಡಿ 1000 ವಾಟ್‌ನ ಇಸ್ತ್ರಿ ಪೆಟ್ಟಿಗೆ ಹಾಕಿದರೆ ನಿಮಿಷಕ್ಕೆ 53ರ ಆಸುಪಾಸು, ಅದು ಕಾದು ತಾನಾಗಿ ಆಫ್ ಆಗುವ ಮೊದಲು ಎಣಿಸಬೇಕು. ಒಬ್ಬರು ವಾಚ್ ಹಿಡಿಯಿರಿ, ಒಬ್ಬರು ಎಣಿಸಿ. ಮಕ್ಕಳು ಆಮೇಲೆ ಮನೆಯಲ್ಲಿರುವ ಎಲ್ಲವನ್ನೂ ಎಣಿಸದೆ ಬಿಡುವುದಿಲ್ಲ. ಗೃಹಜ್ಯೋತಿ ಬಂದ ಮೇಲೆ ನಿಮ್ಮ ಬಿಲ್ ಸೊನ್ನೆ ಬರುತ್ತಿದ್ದರೂ ಅದರಲ್ಲಿ ಯೂನಿಟ್ ಲೆಕ್ಕ ಇರುತ್ತದೆ, ವರ್ಷದ ಸರಾಸರಿ ಬಳಕೆ ಇರುತ್ತದೆ. ದೊಡ್ಡ ಮಕ್ಕಳಿಗೆ ಸರಾಸರಿ, ಶೇಕಡಾ ಹೇಳಿಕೊಡಲು ಆ ಕಾಗದ ಸಾಕು. ಸ್ವಿಚ್ ಮಾತ್ರ ಮುಟ್ಟಲಿ, ಮೀಟರ್ ಬೋರ್ಡ್‌ಗೆ ಕೈ ಹಾಕುವುದು ಬೇಡ.

ಸೊಸೆ ನನ್ನ ಮೊಮ್ಮಗನನ್ನು ಶಾಲೆ ಬಿಡಿಸಿದ್ದಾಳೆ. ಇದು ಅಮೆರಿಕದ ಹುಚ್ಚು ಅಂತ ನನ್ನ ಅಭಿಪ್ರಾಯ. ಹುಡುಗನಿಗೆ ಗೆಳೆಯರು ಎಲ್ಲಿಂದ ಬರಬೇಕು? ನಾವು ಆಲೂಗಡ್ಡೆ ಬೆಳೆಯುವವರು, ನಮಗೆ ಇದೆಲ್ಲ ಅರ್ಥ ಆಗುವುದಿಲ್ಲ. (ಹಾಸನ ಹತ್ತಿರದ ಹಳ್ಳಿ)

ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ, ಮೊಮ್ಮಗನ ಮೇಲಿನ ಪ್ರೀತಿಯಿಂದ ಬರೆದಿದ್ದೀರಿ. ಅಮೆರಿಕದಲ್ಲಿ ಜಾನ್ ಹೋಲ್ಟ್ ಅನ್ನುವ ಶಿಕ್ಷಕರು 1977ರಲ್ಲಿ ಇದಕ್ಕಾಗಿಯೇ ಒಂದು ಪತ್ರಿಕೆ ಶುರುಮಾಡಿದ್ದು ನಿಜ. ಆದರೆ ಕೈಕೆಲಸದ ಮೂಲಕ ಓದು ಕಲಿಯಬೇಕು ಅನ್ನುವುದು ನಮ್ಮಲ್ಲಿ ಅದಕ್ಕಿಂತ ಹಳೆಯದು. ಗಾಂಧೀಜಿ ವಾರ್ಧಾದಲ್ಲಿ ನಯೀ ತಾಲೀಮ್ ಯೋಜನೆಯನ್ನು ಮುಂದಿಟ್ಟದ್ದು 1937ರಲ್ಲಿ. ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನ ಕಟ್ಟಿ ಮಕ್ಕಳ ಶಿಕ್ಷಣದಲ್ಲಿ ಪ್ರಯೋಗ ಮಾಡಿದರು. ಕೋಲಾರ ಜಿಲ್ಲೆಯ ರಾಯಲ್ಪಾಡಿನ ಹತ್ತಿರ ಡೇವಿಡ್ ಹಾರ್ಸ್‌ಬರೋ ಅನ್ನುವ ಶಿಕ್ಷಣತಜ್ಞರು 1972ರಲ್ಲಿ ನೀಲ್‌ಬಾಗ್ ಅನ್ನುವ ಶಾಲೆ ಶುರುಮಾಡಿದರು. ಅಲ್ಲಿ ಹಳ್ಳಿಯ ಮಕ್ಕಳು ವಯಸ್ಸಿನ ಭೇದ ಇಲ್ಲದೆ ಒಟ್ಟಿಗೆ ಕಲಿಯುತ್ತಿದ್ದರು, ಓದಿನ ಜೊತೆಗೇ ಮರಗೆಲಸ, ಕುಂಬಾರಿಕೆ, ಹೊಲಿಗೆ ಇತ್ತು. ಇವು ಮನೆಯಲ್ಲಿ ಕಲಿಸುವ ಪ್ರಯತ್ನಗಳಲ್ಲ ಅನ್ನುವುದು ಗೊತ್ತು. ಆದರೆ ನಾವು ಮನೆಯಲ್ಲಿ ಮಾಡುತ್ತಿರುವುದು ಇವುಗಳಿಂದ ದೂರ ಇಲ್ಲ.

ಈಗ ಒಂದು ವಿನಂತಿ. ನಿಮಗೆ ಅರ್ಥ ಆಗುವುದಿಲ್ಲ ಅಂತ ಬರೆದಿದ್ದೀರಿ, ಆದರೆ ನಿಮ್ಮ ಮೊಮ್ಮಗನಿಗೆ ಸಿಗಬಹುದಾದ ಅತ್ಯಂತ ಒಳ್ಳೆಯ ಮೇಷ್ಟ್ರು ನೀವೇ. ಈ ಸಲ ಅವನಿಗೆ ಹೊಲದಲ್ಲಿ ಎರಡು ಸಾಲು ಬಿಟ್ಟುಕೊಡಿ. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್‌ನಿಂದ ಇಷ್ಟು ದೂರ ಯಾಕೆ ಬರುತ್ತದೆ ಅಂತ ಭೂಪಟ ಹಾಕಿಕೊಂಡು ಹೇಳಿ. ಪ್ರತಿ ಹೋಳಿಗೂ ಕಣ್ಣು ಇರುವ ಹಾಗೆ ಗಡ್ಡೆ ಕತ್ತರಿಸುವುದನ್ನು ತೋರಿಸಿ. ಸಾಲಿನ ಉದ್ದ, ಗಿಡದಿಂದ ಗಿಡಕ್ಕೆ ಅಂತರ, ಎಷ್ಟು ಹೋಳು ಬೇಕು ಅಂತ ಅವನೇ ಲೆಕ್ಕ ಹಾಕಲಿ. ಮೋಡ ಮುಸುಕಿ ಜಿಟಿಜಿಟಿ ಮಳೆ ಹಿಡಿದಾಗ ಅಂಗಮಾರಿ ಹೇಗೆ ಹಬ್ಬುತ್ತದೆ ಅನ್ನುವುದು ನಿಮಗೆ ಗೊತ್ತಿರುವಷ್ಟು ಯಾವ ಪುಸ್ತಕಕ್ಕೂ ಗೊತ್ತಿಲ್ಲ. ಮೂರು ತಿಂಗಳಲ್ಲಿ ಗಡ್ಡೆ ಕಿತ್ತು ತೂಕ ಹಾಕಿ, ಬೀಜ, ಗೊಬ್ಬರ, ಔಷಧಿ ಖರ್ಚು ಕಳೆದು, ಉಳಿದ ದುಡ್ಡು ಅವನಿಗೇ ಕೊಡಿ. ನಷ್ಟ ಆದರೆ ಅದೂ ಅವನ ನೋಟ್‌ಬುಕ್‌ನಲ್ಲಿ ಬರಲಿ.

ಗೆಳೆಯರ ವಿಷಯ ನೀವು ಹೇಳಿದ್ದು ಸರಿ, ಅದು ತಾನಾಗಿ ಆಗುವುದಿಲ್ಲ. ಸಂಜೆ ಆಟಕ್ಕೆ ಊರ ಮಕ್ಕಳ ಜೊತೆ ಬಿಡಲೇಬೇಕು. ಮಳೆ ಇರಲಿ, ನೆಂಟರು ಬರಲಿ, ಆ ಹೊತ್ತನ್ನು ಕಸಿಯಬಾರದು. ಸೊಸೆಗೂ ಇದನ್ನು ಹೇಳಿ, ನಾನು ಹೇಳಿದೆ ಅಂತಲೇ ಹೇಳಿ.

ಏಳು ವರ್ಷದ ಮಗಳು ಚಾಕು ಬೇಕು, ಒಲೆ ಹಚ್ಚಬೇಕು ಅಂತಾಳೆ. ಯಾವ ವಯಸ್ಸಿಗೆ ಕೊಡಬಹುದು? (ಹುಬ್ಬಳ್ಳಿ)

ಕೇಳುತ್ತಿದ್ದಾಳೆ ಅಂದರೆ ಚಾಕು ಕೊಡುವ ಹೊತ್ತು ಬಂದಿದೆ, ನೀವು ಪಕ್ಕದಲ್ಲಿ ನಿಲ್ಲಬೇಕು ಅಷ್ಟೇ. ಮೊಂಡು ಚಾಕು ಕೊಡಬೇಡಿ. ಅದು ಜಾರುತ್ತದೆ, ಮಗು ಬಲ ಹಾಕಿ ಒತ್ತುತ್ತದೆ, ಆಗಲೇ ಕೈ ಕೊಯ್ಯುವುದು. ಚಿಕ್ಕದು, ಕೈಗೆ ಸರಿಯಾಗಿ ಕೂರುವಂಥದ್ದು, ಹರಿತ ಇರುವಂಥದ್ದು ಕೊಡಿ. ಬಾಳೆಹಣ್ಣಿನಿಂದ ಶುರುಮಾಡಿ ಬೆಂಡೆಕಾಯಿ, ಬೀನ್ಸ್, ಸೌತೆಕಾಯಿಗೆ ಬನ್ನಿ. ಕ್ಯಾರೆಟ್, ಕುಂಬಳಕಾಯಿ ಆಮೇಲೆ. ತರಕಾರಿ ಹಿಡಿಯುವ ಕೈಯ ಬೆರಳ ತುದಿಗಳು ಒಳಕ್ಕೆ ಮಡಚಿರಬೇಕು. ಗುಂಡಗಿರುವುದನ್ನು ಮೊದಲು ನೀವು ಅರ್ಧ ಮಾಡಿಕೊಡಿ, ಚಪ್ಪಟೆ ಭಾಗ ಕೆಳಗಿದ್ದರೆ ಉರುಳುವುದಿಲ್ಲ. ಈಳಿಗೆಮಣೆ ಈಗಲೇ ಬೇಡ.

ಒಲೆಗೆ ಅವಸರ ಬೇಡ. ಮೊದಲು ಕಲಿಯಬೇಕಾದದ್ದು ಆರಿಸುವುದು. ಬರ್ನರ್ ಹೇಗೆ ಆರಿಸುವುದು, ಸಿಲಿಂಡರ್‌ನ ರೆಗ್ಯುಲೇಟರ್ ಹೇಗೆ ಬಂದ್ ಮಾಡುವುದು, ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಕಿಟಕಿ ತೆಗೆದು ದೊಡ್ಡವರನ್ನು ಕರೆಯುವುದು. ಇದು ಬಾಯಿಪಾಠ ಆದಮೇಲೆ, ಎತ್ತರ ಸಾಲದಿದ್ದರೆ ಅಲ್ಲಾಡದ ಮಣೆ ಹಾಕಿ, ಕಾಟನ್ ಬಟ್ಟೆ ತೊಡಿಸಿ, ಕೂದಲು ಕಟ್ಟಿ, ಬಾಣಲೆಯ ಹಿಡಿ ಒಳಮುಖವಾಗಿ ತಿರುಗಿಸಿ ದೋಸೆ ಹಾಕಿಸಿ. ಕರಿಯುವುದು, ಕುಕ್ಕರ್, ಅನ್ನ ಬಸಿಯುವುದು ಇವು ದೊಡ್ಡವಳಾದ ಮೇಲೆ.

ಎಷ್ಟು ಹುಷಾರಾಗಿದ್ದರೂ ಒಮ್ಮೆ ಸುಡುತ್ತದೆ. ಸುಟ್ಟ ಜಾಗವನ್ನು ತಕ್ಷಣ ನಲ್ಲಿಯ ತಣ್ಣೀರಿಗೆ ಹಿಡಿದು 20 ನಿಮಿಷ ಹಾಗೇ ಬಿಡಿ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ಇಂಕು, ಅರಿಶಿನ ಏನೂ ಬೇಡ. ದೊಡ್ಡ ಗುಳ್ಳೆ ಎದ್ದರೆ, ಮುಖ ಅಥವಾ ಅಂಗೈ ಸುಟ್ಟರೆ ಡಾಕ್ಟರ್ ಹತ್ತಿರ ಹೋಗಿ.

ನಾವು ಮ್ಯೂನಿಕ್‌ನಲ್ಲಿದ್ದೇವೆ. ಇಲ್ಲಿ ಮನೆಯಲ್ಲೇ ಓದಿಸಬಹುದಾ? (ಜರ್ಮನಿ)

ಆಗುವುದಿಲ್ಲ. ಜರ್ಮನಿಯಲ್ಲಿ ಮಗು ಶಾಲೆಗೆ ಹೋಗುವುದು ಕಡ್ಡಾಯ. ಹೋಮ್‌ಸ್ಕೂಲಿಂಗ್ ಬೇಕೆಂದು ಕೇಳಿದ ಕುಟುಂಬವೊಂದರ ದೂರನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ 2006ರಲ್ಲಿ ತಳ್ಳಿಹಾಕಿದೆ. ಶಾಲೆಗೆ ಕಳಿಸಿ. ಮನೆಯಲ್ಲಿ ಕನ್ನಡ ಮತ್ತು ಅಡುಗೆ ನಿಮ್ಮ ಕೈಯಲ್ಲಿದೆ, ಎರಡನ್ನೂ ಒಟ್ಟಿಗೇ ಕಲಿಸಿ: ಸಾಂಬಾರಿಗೆ ಏನೇನು ಬೇಕು ಅಂತ ಕನ್ನಡದಲ್ಲೇ ಚೀಟಿ ಬರೆಸಿ, ಕನ್ನಡದಲ್ಲೇ ಮಾಡಿಸಿ.

ಕಾನೂನು ಏನು ಹೇಳುತ್ತದೆ? ಮುಂದೆ ಎಸ್‌ಎಸ್‌ಎಲ್‌ಸಿ ಹೇಗೆ? ವಾಪಸ್ ಶಾಲೆಗೆ ಸೇರಿಸಬೇಕೆಂದರೆ? (ಬೆಂಗಳೂರು, ಇನ್ನೂ ಹಲವರು)

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದು 6ರಿಂದ 14 ವರ್ಷದ ಮಕ್ಕಳಿಗೆ. ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅಂತ ಅದರ 10ನೇ ಸೆಕ್ಷನ್ ಹೇಳುತ್ತದೆ. ಸೇರಿಸದ ಪೋಷಕರಿಗೆ ದಂಡವನ್ನಾಗಲಿ ಶಿಕ್ಷೆಯನ್ನಾಗಲಿ ಆ ಕಾಯ್ದೆ ಹೇಳಿಲ್ಲ, ಮನೆಯಲ್ಲಿ ಕಲಿಸುವುದರ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಅಂದರೆ ಇದಕ್ಕೆ ಸ್ಪಷ್ಟವಾದ ಒಪ್ಪಿಗೆ ಕಾನೂನಿನಲ್ಲಿ ಇಲ್ಲ. ಇದನ್ನು ತಿಳಿದುಕೊಂಡೇ ಕಾಲಿಡಿ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಮೇಷ್ಟ್ರುಗಳು ಮನೆಗೆ ಬರುವುದುಂಟು. ಬಂದರೆ ಕೂರಿಸಿ ಕಾಫಿ ಕೊಟ್ಟು ಮಗು ಮಾಡಿದ ಕೆಲಸ ತೋರಿಸಿ. ಅದಕ್ಕಾಗಿಯೇ ಒಂದು ಫೈಲ್ ಇಡಿ. ಓದಿದ ಪುಸ್ತಕಗಳ ಪಟ್ಟಿ, ಬರೆದ ಕಾಗದ, ಲೆಕ್ಕದ ನೋಟ್‌ಬುಕ್, ಮಾಡಿದ ವಸ್ತುಗಳ ಫೋಟೋ, ತಾರೀಕಿನ ಸಮೇತ. ಹಳೆ ಶಾಲೆಯ ಟಿಸಿ, ಆಧಾರ್, ಜನನ ಪ್ರಮಾಣಪತ್ರವೂ ಅದರಲ್ಲೇ ಇರಲಿ.

ಹತ್ತನೇ ಕ್ಲಾಸಿಗೆ ಹೆಚ್ಚಿನವರು ಹಿಡಿಯುವುದು ಎನ್‌ಐಓಎಸ್, ಅಂದರೆ ಕೇಂದ್ರ ಸರ್ಕಾರದ ಮುಕ್ತ ಶಾಲೆ. 1989ರಲ್ಲಿ ಶುರುವಾದದ್ದು. ಹತ್ತಕ್ಕೆ ಸೇರಲು 14 ವರ್ಷ ತುಂಬಿರಬೇಕು, ಹನ್ನೆರಡಕ್ಕೆ 15. ಕೆಳಗಿನ ತರಗತಿಯ ಅಂಕಪಟ್ಟಿ ಇಲ್ಲದಿದ್ದರೂ ಹತ್ತಕ್ಕೆ ಸೇರಬಹುದು, ಸ್ವಯಂ ಘೋಷಣೆ ಸಾಕು. ಐದು ವಿಷಯ ಪಾಸಾಗಬೇಕು, ಅದರಲ್ಲಿ ಒಂದಾದರೂ ಭಾಷೆ, ಕನ್ನಡವನ್ನೂ ತೆಗೆದುಕೊಳ್ಳಬಹುದು. ಗಣಿತ, ವಿಜ್ಞಾನದ ಜೊತೆಗೆ ಗೃಹವಿಜ್ಞಾನ, ಪೇಂಟಿಂಗ್ ತರದ್ದೂ ಇವೆ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ಐದು ವರ್ಷದಲ್ಲಿ ಒಂಬತ್ತು ಅವಕಾಶ ಇರುತ್ತದೆ. ಎಲ್ಲ ಒಂದೇ ಸಲ ಬರೆಯಬೇಕಾಗಿಲ್ಲ, ಎರಡು ವಿಷಯ ಈಗ, ಮೂರು ಆಮೇಲೆ ಅಂತ ಹಂಚಿಕೊಳ್ಳಬಹುದು. ನಮ್ಮ ಮಗಳಿಗೂ ನಾವು ಇದನ್ನೇ ಅಂದುಕೊಂಡಿದ್ದೇವೆ. ವಿಜ್ಞಾನಕ್ಕೆ ಪ್ರಾಕ್ಟಿಕಲ್ ಪರೀಕ್ಷೆ ಇದೆ, ಅದಕ್ಕೆ ಅಭ್ಯಾಸ ಕೇಂದ್ರಕ್ಕೆ ಹೋಗಬೇಕು, ಇದನ್ನು ಹಲವರು ಮರೆಯುತ್ತಾರೆ. ಎಸ್‌ಎಸ್‌ಎಲ್‌ಸಿಯನ್ನೇ ಬರೆಸಬೇಕೆಂದರೆ ರಾಜ್ಯ ಮಂಡಳಿಯಲ್ಲಿ ಖಾಸಗಿ ಅಭ್ಯರ್ಥಿಯಾಗಿ ಕಟ್ಟುವ ದಾರಿ ಇದೆ.

ವಾಪಸ್ ಹೋಗುವುದು ನೀವು ಹೆದರಿದಷ್ಟು ಕಷ್ಟ ಅಲ್ಲ. ಅದೇ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ವರ್ಷದ ಮಧ್ಯೆ ಬಂದರೂ ಸೀಟು ನಿರಾಕರಿಸುವ ಹಾಗಿಲ್ಲ. ಮಗುವೇ ಶಾಲೆಗೆ ಹೋಗುತ್ತೇನೆ ಅಂದರೆ ಕಳಿಸಿಬಿಡಿ. ಮನೆಯಲ್ಲೇ ಇರಬೇಕು ಅಂತ ಹಟ ಹಿಡಿಯುವುದು ಮಗುವಿಗೆ ಮಾಡುವ ಅನ್ಯಾಯ.

ಮಗನಿಗೆ ಎಂಟು. ಇನ್ನೂ ಕನ್ನಡ ಸರಾಗವಾಗಿ ಓದುವುದಿಲ್ಲ. ಒತ್ತಕ್ಷರ ಬಂದರೆ ನಿಂತುಬಿಡುತ್ತಾನೆ. ಮನೆಯಲ್ಲಿ ಇಟ್ಟುಕೊಂಡಿದ್ದಕ್ಕೇ ಹೀಗಾಯಿತು ಅಂತ ಎಲ್ಲರೂ ಅನ್ನುತ್ತಾರೆ. (ಶಿರಸಿ)

ಎಂಟಕ್ಕೆ ಒತ್ತಕ್ಷರದಲ್ಲಿ ತಡವರಿಸುವ ಮಕ್ಕಳು ಶಾಲೆಯಲ್ಲೂ ಇದ್ದಾರೆ. ಕನ್ನಡದಲ್ಲಿ 49 ಅಕ್ಷರ, ಅದರ ಮೇಲೆ ಕಾಗುಣಿತ, ಅದರ ಮೇಲೆ ಒತ್ತು, ಅದೂ ಕೆಲವು ಒತ್ತುಗಳು ಮೂಲ ಅಕ್ಷರದ ಹಾಗೆ ಕಾಣುವುದೇ ಇಲ್ಲ. ಹೊತ್ತು ಬೇಕು. ದಿನಾ ಹತ್ತು ನಿಮಿಷ ನೀವು ಓದಿ, ಅವನು ನಿಮ್ಮ ಬೆರಳು ಹಿಂಬಾಲಿಸಲಿ. ಅಂಗಡಿ ಬೋರ್ಡು, ಬಸ್ಸಿನ ಬೋರ್ಡು, ಹಾಲಿನ ಪ್ಯಾಕೆಟ್ ಓದಿಸಿ. ಅಕ್ಕ, ಅಣ್ಣ, ಬೆಲ್ಲ, ಹಪ್ಪಳ, ಮೆಣಸಿನಪುಡಿ ಡಬ್ಬ ಹೀಗೆ ಮನೆಯಲ್ಲಿ ದಿನಾ ಆಡುವ ಮಾತುಗಳಿಂದ ಒತ್ತು ಕಲಿಸಿ, ಡಬ್ಬಗಳಿಗೆ ಅವನೇ ಚೀಟಿ ಬರೆದು ಅಂಟಿಸಲಿ. ಸಕ್ಕರೆ ಅಂತ ಬರೆದ ಡಬ್ಬದಲ್ಲಿ ಉಪ್ಪು ಇದ್ದರೆ ಕಾಫಿ ಕೆಡುತ್ತದೆ, ಹಾಗಾಗಿ ಅವನು ಸರಿಯಾಗಿಯೇ ಬರೆಯುತ್ತಾನೆ.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಹಿಂದಿನ ದಿನ ಓದಿದ ಸುಲಭದ ಪದವೂ ಮರುದಿನ ಹೊಸದರ ಹಾಗೆ ಕಂಡರೆ, ಅಕ್ಷರ ತಿರುವುಮುರುವು ಬರೆಯುವುದು ನಿಲ್ಲದೇ ಇದ್ದರೆ, ಮಾತಿನಲ್ಲಿ ಚುರುಕಾಗಿದ್ದು ಓದಿನಲ್ಲಿ ಮಾತ್ರ ಕಷ್ಟಪಡುತ್ತಿದ್ದರೆ ಕಾಯುತ್ತಾ ಕೂರಬೇಡಿ. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಆಮೇಲೆ ಕಲಿಕೆಯ ತೊಂದರೆ ಇದೆಯೇ ಅಂತ ತಜ್ಞರಿಗೆ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದನ್ನು ನೋಡುತ್ತಾರೆ. ಮಕ್ಕಳು ತಮ್ಮ ವೇಗದಲ್ಲಿ ಕಲಿಯುತ್ತಾರೆ ಅನ್ನುವುದು ನಿಜ, ಆದರೆ ಆ ಮಾತನ್ನು ಹಿಡಿದುಕೊಂಡು ಸಹಾಯ ಬೇಕಾದ ಮಗುವಿಗೆ ವರ್ಷಗಟ್ಟಲೆ ಸಹಾಯ ಸಿಗದೇ ಹೋಗಬಾರದು.

ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಶಾಲೆ ಬಿಡಿಸಲು ಸಾಧ್ಯವೇ ಇಲ್ಲ. ನಿಮ್ಮ ಅಂಕಣ ಓದಿದರೆ ಬೇಜಾರಾಗುತ್ತದೆ. (ಬೆಂಗಳೂರು, ಯಲಹಂಕ)

ಬೇಜಾರು ಮಾಡಿಕೊಳ್ಳಬೇಡಿ. ಶಾಲೆ ಬಿಡಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಮೇಲೆ ಬರೆದ ಹಿಟ್ಟು, ಅಕ್ಕಿ, ಮೀಟರ್ ಇವಕ್ಕೆಲ್ಲ ಹೋಮ್‌ಸ್ಕೂಲಿಂಗ್ ಬೇಕಾಗಿಲ್ಲ, ಭಾನುವಾರ ಸಾಕು. ಮನೆಯ ಒಂದು ಕೆಲಸವನ್ನು ಪೂರ್ತಿಯಾಗಿ ಮಗುವಿಗೆ ಒಪ್ಪಿಸಿ. ಶೂ ಪಾಲಿಶ್ ಆಗಬಹುದು, ವಾರದ ತರಕಾರಿ ಆಗಬಹುದು. ತಡವಾದರೂ, ವಕ್ರವಾದರೂ ಮಧ್ಯೆ ಕೈ ಹಾಕಬೇಡಿ. ಕೆಲಸದಿಂದ ಸುಸ್ತಾಗಿ ಬಂದವರಿಗೆ ಸುಮ್ಮನೆ ನೋಡುತ್ತಾ ನಿಲ್ಲುವುದೇ ಎಲ್ಲಕ್ಕಿಂತ ಕಷ್ಟ, ಗೊತ್ತು.

ರಜೆಯಲ್ಲಿ ಮಾಡಲು ಒಂದು ಹೇಳುತ್ತೇನೆ. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ದಿನ ನಡು ಮಧ್ಯಾಹ್ನ ನೆರಳೇ ಇರುವುದಿಲ್ಲ, ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು. ಕರ್ನಾಟಕ ಪೂರ್ತಿ ಕರ್ಕಾಟಕ ವೃತ್ತದ ಕೆಳಗಿರುವುದರಿಂದ ಎಲ್ಲ ಊರುಗಳಲ್ಲೂ ಹೀಗಾಗುತ್ತದೆ, ತಾರೀಕು ಮಾತ್ರ ಬೇರೆ. ಉತ್ತರಕ್ಕೆ ಹೋದ ಹಾಗೆ ಮೊದಲನೆಯದು ಮುಂದಕ್ಕೆ ಹೋಗಿ ಮೇ ತಿಂಗಳಿಗೆ ಬರುತ್ತದೆ, ಎರಡನೆಯದು ಹಿಂದಕ್ಕೆ ಬರುತ್ತದೆ. ಏಪ್ರಿಲ್ ಮಧ್ಯದಿಂದಲೇ ಶುರುಮಾಡಿ. ಟೆರೇಸ್ ಮೇಲೆ ನೀರಿನ ಬಾಟಲಿಯೋ ಪೈಪಿನ ತುಂಡೋ ನೆಟ್ಟಗೆ ನಿಲ್ಲಿಸಿ, ದಿನಾ ಮಧ್ಯಾಹ್ನ ನೆರಳು ಎಲ್ಲಿಯವರೆಗೆ ಇದೆ ಅಂತ ಸೀಮೆಸುಣ್ಣದಲ್ಲಿ ಗುರುತು ಮಾಡಿಸಿ. ಗಡಿಯಾರದ 12 ಗಂಟೆಗೆ ಅಲ್ಲ, 12 ಗಂಟೆ 18 ನಿಮಿಷದ ಹೊತ್ತಿಗೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಬೆಂಗಳೂರು ಅದರ ಪಶ್ಚಿಮಕ್ಕಿದೆ, ಸೂರ್ಯ ನಮ್ಮ ನೆತ್ತಿಗೆ ಬರುವುದು ತಡ. ಇದನ್ನು ಮೊದಲೇ ಹೇಳಬೇಡಿ. 12 ಗಂಟೆಗೂ ನೆರಳು ಯಾಕಿದೆ ಅಂತ ಮಗು ಕೇಳಿದ ಮೇಲೆ ಹೇಳಿ. ಆ ದಿನ ಟೋಪಿ ಹಾಕಿಕೊಂಡು ಹೋಗಿ, ಸೂರ್ಯನನ್ನು ನೇರ ನೋಡಬಾರದು ಅಂತ ಮೊದಲೇ ಎಚ್ಚರಿಕೆ ಕೊಟ್ಟಿರಿ. ಆಗಸ್ಟ್‌ನಲ್ಲಿ ಮೋಡ ಜಾಸ್ತಿ, ಹಾಗಾಗಿ ಏಪ್ರಿಲ್‌ನದ್ದನ್ನು ತಪ್ಪಿಸಿಕೊಳ್ಳಬೇಡಿ.